ರೋಗಿಯ ಒಲವು: ನಾವು ಕೇಳುವ ಬಗೆ ಸರಿಯಿದೆಯೇ?

ಕೆಲವು ತಿಂಗಳ ಹಿಂದೆ ಬೀದರಿನ ನೌಬಾದದಲ್ಲಿರುವ ನಮ್ಮ ಓಣಿಗೆ ಇಬ್ಬರು ಯುವತಿಯರು ಸಮೀಕ್ಷೆಗೆಂದು ಬಂದಿದ್ದರು. ಸರ್ಕಾರಿ ಆಸ್ಪತ್ರೆಗಳ ಸೇವೆಯ ಬಗ್ಗೆ ಜನರ ಅಭಿಪ್ರಾಯ ಸಂಗ್ರಹಿಸುವುದು ಅವರ ಕೆಲಸ. ಕೈಯಲ್ಲಿದ್ದ ಮೊಬೈಲಿನಲ್ಲಿ ಪ್ರಶ್ನಾವಳಿ ಸಿದ್ಧವಾಗಿತ್ತು. ಸ್ವಚ್ಛತೆ ಹೇಗಿದೆ, ಸಿಬ್ಬಂದಿಯ ನಡವಳಿಕೆ ಹೇಗಿದೆ, ಔಷಧ ಸಿಗುತ್ತದೆಯೇ ಎಂದು ಒಂದೊಂದಾಗಿ ಕೇಳಿ, ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ, ತೀರಾ ಕಳಪೆ ಎಂಬ ಐದು ಉತ್ತರಗಳಲ್ಲಿ ಒಂದನ್ನು ಗುರುತು ಹಾಕಿಕೊಳ್ಳುತ್ತಿದ್ದರು. ನಮ್ಮ ಪಕ್ಕದ ಮನೆಯ ಹೆಣ್ಣುಮಗಳು ಬೇಳೆ ಗಿರಣಿಯಲ್ಲಿ ದಿನಗೂಲಿ ಮಾಡುವವರು. ವಯಸ್ಸು ಐವತ್ತು ದಾಟಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಎರಡೂ ಇವೆ. ಅವರು ಎಲ್ಲ ಪ್ರಶ್ನೆಗಳಿಗೂ ಒಂದೇ ಉತ್ತರ ಕೊಟ್ಟರು: 'ಎಲ್ಲಾ ಛಲೋ ಅದರಿ.' ಐದು ನಿಮಿಷದಲ್ಲಿ ಸಮೀಕ್ಷೆ ಮುಗಿಯಿತು. ಯುವತಿಯರು ನಮಸ್ಕಾರ ಹೇಳಿ ಮುಂದಿನ ಮನೆಗೆ ನಡೆದರು.

ಅವರು ಹೋದ ಮೇಲೆ ನಾನು ಸುಮ್ಮನಿರಲಾರದೆ ಕೇಳಿದೆ: 'ಎಲ್ಲವೂ ಅಷ್ಟು ಚೆನ್ನಾಗಿದ್ದರೆ ನೀವು ಖಾಸಗಿ ಡಾಕ್ಟರ ಬಳಿ ಏಕೆ ಹೋಗುತ್ತೀರಿ, ತಾಯಿ?' ಅವರು ನಕ್ಕರು. 'ಮುಂಜಾನಿ ದವಾಖಾನಿಗಿ ಹೋದ್ರ ಅವತ್ತಿನ ಹಾಜರಿ ಹೋಯ್ತು ನೋಡ್ರಿ ಸಾಹೇಬ್ರೆ. ಗುಳಿಗಿ ಪುಕಟ್ ಅವ, ಖರೆ. ಹಾಜರಿ ಪುಕಟ್ ಇಲ್ರಿ' ಎಂದರು. ಹಾಗಾದರೆ ಅದನ್ನೇ ಆ ಹುಡುಗಿಯರಿಗೆ ಹೇಳಬಹುದಿತ್ತಲ್ಲ ಎಂದೆ. 'ಅವ್ರು ಅದು ಕೇಳಲೇ ಇಲ್ರಿ. ಮತ್ತ ನಾಳಿಗಿ ನಾ ಅಲ್ಲೇ ಹೋಗಬೇಕಲ್ರಿ' ಎಂಬ ಉತ್ತರ ಬಂತು.

ಈ ಎರಡು ಮಾತುಗಳಲ್ಲಿ ಸಮೀಕ್ಷಾ ಶಾಸ್ತ್ರದ ಎರಡು ದೊಡ್ಡ ಸಮಸ್ಯೆಗಳಿವೆ. ಮೊದಲನೆಯದು, ಕೇಳಬೇಕಾದುದನ್ನು ನಾವು ಕೇಳುವುದಿಲ್ಲ. ಎರಡನೆಯದು, ಕೇಳಿದಾಗಲೂ ನಿಜ ಹೇಳುವ ನಿರ್ಭೀತಿ ರೋಗಿಗೆ ಇರುವುದಿಲ್ಲ. ಆ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಅದಕ್ಕೆ ಕಾರಣ ಪಕ್ಕದ ಮನೆಯವರಲ್ಲ, ನಾನೇ.

ಇಪ್ಪತ್ತು ವರ್ಷಗಳ ಹಿಂದೆ, ಸೇವೆಯಲ್ಲಿದ್ದಾಗ, ಈ ಭಾಗದ ಒಂದು ತಾಲ್ಲೂಕಿನ ಆಸ್ಪತ್ರೆಯ ಬಗ್ಗೆ ಇಂಥದೇ ಒಂದು ತೃಪ್ತಿ ಸಮೀಕ್ಷೆಯ ವರದಿ ನನ್ನ ಮೇಜಿಗೆ ಬಂದಿತ್ತು. ಉತ್ತರಿಸಿದವರಲ್ಲಿ ಬಹುಪಾಲು ಮಂದಿ ಸೇವೆ ಉತ್ತಮವಾಗಿದೆ ಎಂದಿದ್ದರು. ಅದೇ ವೇಳೆಗೆ ಸಂಜೆಯೂ ಹೊರರೋಗಿ ವಿಭಾಗವನ್ನು ತೆರೆದಿಡಬೇಕೆಂಬ ಒಂದು ಪ್ರಸ್ತಾವ ಕಡತದಲ್ಲಿತ್ತು. ಜನರು ಈಗಿನ ವ್ಯವಸ್ಥೆಯಿಂದ ತೃಪ್ತರಾಗಿರುವುದರಿಂದ ಹೆಚ್ಚುವರಿ ವೆಚ್ಚ ಅನಗತ್ಯ ಎಂದು ಷರಾ ಬರೆದು ಸಹಿ ಹಾಕಿದವನು ನಾನು. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನಿಗೆ, ತೃಪ್ತಿ ಬೇರೆ, ಒಲವು ಬೇರೆ ಎಂಬುದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆ ಕಡತ ಅಲ್ಲಿಗೇ ಮುಕ್ತಾಯವಾಯಿತು.

ನಮ್ಮ ಆಡಳಿತಕ್ಕೆ ಎಣಿಸುವುದು ಗೊತ್ತು, ಕೇಳುವುದು ಗೊತ್ತಿಲ್ಲ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ನೀಡಿದ ವರದಿ ಈ ಭಾಗದ ಮಟ್ಟಿಗೆ ಒಂದು ಮಹತ್ವದ ದಾಖಲೆ. ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ, ಆ 39ರಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದಲ್ಲೇ ಇವೆ ಎಂದು ಅದು ತೋರಿಸಿಕೊಟ್ಟಿತು. ಆರೋಗ್ಯದ ಮಟ್ಟವನ್ನು ಅಳೆಯಲು ಅದು ವೈದ್ಯರ ಸಂಖ್ಯೆ, ಹಾಸಿಗೆಗಳ ಸಂಖ್ಯೆಯಂಥ ಸೂಚಕಗಳನ್ನು ಬಳಸಿತು. ಆ ಎಣಿಕೆ ಅಗತ್ಯವಾಗಿತ್ತು. ಆದರೆ ಹಾಸಿಗೆಯ ಸಂಖ್ಯೆ ಸರ್ಕಾರ ಏನು ಕೊಟ್ಟಿದೆ ಎಂಬುದನ್ನಷ್ಟೇ ಹೇಳುತ್ತದೆ. ರೋಗಿಗೆ ಏನು ಬೇಕಿತ್ತು ಎಂಬುದನ್ನು ಹೇಳುವುದಿಲ್ಲ.

ಕೇಳುವ ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. ಸ್ಯಾಮ್ಯುಯೆಲ್ ಪಾಲ್ ಅವರು ಬೆಂಗಳೂರಿನಲ್ಲಿ 1994ರಲ್ಲಿ ಹೊರತಂದ ನಾಗರಿಕ ವರದಿ ಕಾರ್ಡು ಸಾರ್ವಜನಿಕ ಸೇವೆಗಳಿಗೆ ಬಳಕೆದಾರರೇ ಅಂಕ ಕೊಡುವ ಪದ್ಧತಿಯನ್ನು ಆರಂಭಿಸಿತು. ಮುಂದೆ ಅದು ದೇಶ ವಿದೇಶಗಳಲ್ಲಿ ಮಾದರಿಯಾಯಿತು. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಆರಂಭಿಸಿದ 'ಮೇರಾ ಅಸ್ಪತಾಲ್' ಯೋಜನೆಯಲ್ಲಿ ಆಸ್ಪತ್ರೆಗೆ ಬಂದುಹೋದವರಿಗೆ ಸಂದೇಶ ಅಥವಾ ಕರೆ ಹೋಗುತ್ತದೆ, ತೃಪ್ತಿಯಾಯಿತೇ, ಇಲ್ಲವಾದರೆ ಏಕೆ ಎಂದು ಕೇಳಲಾಗುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017-18ರ 75ನೇ ಸುತ್ತು, ಸರ್ಕಾರಿ ಆಸ್ಪತ್ರೆಗೆ ಹೋಗದವರನ್ನು ಹುಡುಕಿ ಕಾರಣ ಕೇಳಿತು. ಬೇಕಾದ ಸೇವೆ ಇಲ್ಲವೇ, ಗುಣಮಟ್ಟ ಸಾಲದೇ, ದೂರವೇ, ಕಾಯುವಿಕೆ ಹೆಚ್ಚೇ, ನಂಬಿಕೆಯ ವೈದ್ಯರು ಬೇರೆಡೆ ಇದ್ದಾರೆಯೇ ಎಂಬಂಥ ಕಾರಣಗಳ ಪಟ್ಟಿ ಅದರಲ್ಲಿತ್ತು.

ಇವೆಲ್ಲವೂ ಉಪಯುಕ್ತವೇ. ಆದರೂ ತೃಪ್ತಿಯ ಪ್ರಶ್ನೆಗೆ ಕೆಲವು ಹುಟ್ಟುದೋಷಗಳಿವೆ. ಬಡವನ ನಿರೀಕ್ಷೆ ಕಡಿಮೆಯಿದ್ದಷ್ಟೂ ಅವನ ತೃಪ್ತಿ ಹೆಚ್ಚು. ಬೈಯದೆ ಮಾತನಾಡಿಸಿದರೆ ಸಾಕು, ಸೇವೆ ಉತ್ತಮ ಎನ್ನುವವರಿದ್ದಾರೆ. ಆಸ್ಪತ್ರೆಯ ಆವರಣದಲ್ಲೇ ಕೇಳಿದರೆ ಉತ್ತರದಲ್ಲಿ ಭಯ, ದಾಕ್ಷಿಣ್ಯ ಎರಡೂ ಬೆರೆತಿರುತ್ತವೆ. ನಮ್ಮ ಜಿಲ್ಲೆಯಲ್ಲಂತೂ ಭಾಷೆಯ ತೊಡಕೂ ಇದೆ. ಬೀದರ್ ನಗರದಲ್ಲಿ ಉರ್ದು, ಭಾಲ್ಕಿ ಮತ್ತು ಔರಾದ್ ಕಡೆ ಮರಾಠಿ, ತಾಂಡಾಗಳಲ್ಲಿ ಲಂಬಾಣಿ ಮಾತನಾಡುವವರು ಬಹಳ. 'ಸಾಧಾರಣ' ಎಂಬ ಅಚ್ಚಾದ ಪದಕ್ಕೆ ಅವರಲ್ಲಿ ಒಬ್ಬೊಬ್ಬರು ಒಂದೊಂದು ಅರ್ಥ ಕೊಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಆಸ್ಪತ್ರೆಗೆ ಬಂದವರನ್ನು ಮಾತ್ರ ಕೇಳಿದರೆ ಬಾರದವರ ದನಿ ಲೆಕ್ಕಕ್ಕೇ ಸಿಗುವುದಿಲ್ಲ. ಔರಾದಿನಿಂದ ಉದಗೀರಕ್ಕೆ, ಭಾಲ್ಕಿಯಿಂದ ಲಾತೂರಿಗೆ, ಬೀದರಿನಿಂದ ಹೈದರಾಬಾದಿಗೆ ಬಸ್ಸು ಹತ್ತಿದ ರೋಗಿ ಯಾವ ನಮೂನೆಯಲ್ಲೂ ಇಲ್ಲ.

ಹಾಗಾದರೆ ಬಸ್ಸು ಹತ್ತಿದ್ದೇ ಅವನ ಉತ್ತರವಲ್ಲವೇ ಎಂದು ಅರ್ಥಶಾಸ್ತ್ರಜ್ಞ ಕೇಳಿಯಾನು. ಮನುಷ್ಯನ ಬಾಯಿಮಾತಿಗಿಂತ ಅವನ ಆಯ್ಕೆಯನ್ನು ನೋಡಿ ಒಲವನ್ನು ತಿಳಿಯಬೇಕೆಂದು ಪಾಲ್ ಸ್ಯಾಮ್ಯುಯೆಲ್ಸನ್ 1938ರಲ್ಲೇ ವಾದಿಸಿದ್ದರು. ಸಂತೆಯಲ್ಲಿ ಬದನೆ ಬಿಟ್ಟು ಬೆಂಡೆ ಕೊಂಡವನ ಮಟ್ಟಿಗೆ ಈ ವಾದ ಸರಿ. ಆದರೆ ಚಿಕಿತ್ಸೆ ಸಂತೆಯ ತರಕಾರಿಯಲ್ಲ. ತನಗೇನು ಬೇಕೆಂಬುದು ರೋಗಿಗೆ ಪೂರ್ತಿ ತಿಳಿದಿರುವುದಿಲ್ಲ, ಮಾರುವವನೇ ಸಲಹೆಗಾರನೂ ಆಗಿರುತ್ತಾನೆ. ಆರೋಗ್ಯ ಕ್ಷೇತ್ರ ಸಾಮಾನ್ಯ ಮಾರುಕಟ್ಟೆಯಂತೆ ನಡೆಯದು ಎಂಬುದನ್ನು ಕೆನ್ನೆತ್ ಆ್ಯರೋ 1963ರ ತಮ್ಮ ಪ್ರಸಿದ್ಧ ಲೇಖನದಲ್ಲಿ ವಿವರಿಸಿದ್ದಾರೆ. ಮೇಲಾಗಿ, ಹೈದರಾಬಾದಿನ ಬಸ್ಸು ಹತ್ತಿದವನು ಇಷ್ಟಪಟ್ಟು ಹತ್ತಿದನೋ, ಬೇರೆ ದಾರಿಯಿಲ್ಲದೆ ಹತ್ತಿದನೋ? ಇರುವುದು ಒಂದೇ ದಾರಿಯಾದಾಗ ನಡೆದದ್ದನ್ನು ಆಯ್ಕೆ ಎನ್ನಲಾಗದು. ಇನ್ನೂ ಇಲ್ಲದ ಸೇವೆಯನ್ನು, ಉದಾಹರಣೆಗೆ ಸಂಜೆಯ ಹೊರರೋಗಿ ವಿಭಾಗವನ್ನು, ಜನ ಬಯಸುತ್ತಾರೆಯೇ ಎಂಬುದು ಅವರ ಇಂದಿನ ನಡೆಯಿಂದ ತಿಳಿಯುವುದಿಲ್ಲ. ಕೇಳಲೇಬೇಕು.

ಹಾಗೆ ಕೇಳುವ ಒಂದು ಹಳೆಯ ವಿಧಾನವೆಂದರೆ, 'ಇಂಥ ಸೇವೆ ಕೊಟ್ಟರೆ ನೀವು ಎಷ್ಟು ಹಣ ಕೊಡುವಿರಿ?' ಎನ್ನುವುದು. ಕರ್ನಾಟಕದಲ್ಲೇ ಇದರ ಒಂದು ಮುಖ್ಯ ಪ್ರಯೋಗ ನಡೆದಿದೆ. ಸಂಶೋಧಕ ಕೆ. ಮತಿಯಳಗನ್ ಅವರು ರಾಜ್ಯದ ಗ್ರಾಮೀಣ ಕುಟುಂಬಗಳ ಸಮೀಕ್ಷೆಯನ್ನು ಆಧರಿಸಿ, ಗ್ರಾಮೀಣ ಆರೋಗ್ಯ ವಿಮೆಗೆ ಜನ ಸೇರುವರೇ, ಹಣ ಕೊಡುವರೇ ಎಂಬ ಬಗ್ಗೆ 1998ರಲ್ಲಿ ಅಧ್ಯಯನ ಪ್ರಕಟಿಸಿದರು. ಹೆಚ್ಚಿನವರು ಸೇರಲು ಸಿದ್ಧರಿದ್ದರು. ಆದರೆ ಸೇರುವ ಇಚ್ಛೆಯಷ್ಟು ಬಲವಾಗಿ ಹಣ ಕೊಡುವ ಇಚ್ಛೆ ಇರಲಿಲ್ಲ. 'ಸೇರುತ್ತೀರಾ' ಎಂಬ ಪ್ರಶ್ನೆಗೂ 'ಹಣ ಕೊಟ್ಟು ಸೇರುತ್ತೀರಾ' ಎಂಬ ಪ್ರಶ್ನೆಗೂ ಇರುವ ಅಂತರ ಸಣ್ಣದಲ್ಲ. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಯೋಜನೆ ಜಾರಿಗೆ ಬಂದಾಗ ವರ್ಷಕ್ಕೆ ತಲಾ 60 ರೂಪಾಯಿ ಕಂತಿಗೆ ಲಕ್ಷಾಂತರ ಮಂದಿ ಸೇರಿದರು. ಕಂತು 120 ರೂಪಾಯಿಗೆ ಏರಿದಾಗ ಸದಸ್ಯರ ಸಂಖ್ಯೆ ಇಳಿಯಿತು. ಅಧ್ಯಯನ ಮೊದಲೇ ಸೂಚಿಸಿದ್ದ ಅಂತರವನ್ನು ಅನುಭವವೂ ತೋರಿಸಿತು.

ಈ ವಿಧಾನವನ್ನು ಎಚ್ಚರದಿಂದ ಬಳಸಬೇಕು. ಅಲಾಸ್ಕಾದ ಕಡಲಲ್ಲಿ 1989ರಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನಿಂದ ತೈಲ ಸೋರಿ ಆದ ಪರಿಸರ ಹಾನಿಯ ಮೌಲ್ಯವನ್ನು ಹೀಗೆ ಜನರನ್ನು ಕೇಳಿ ಅಳೆಯಬಹುದೇ ಎಂಬ ವಿವಾದ ಎದ್ದಾಗ, ಅಮೆರಿಕ ಸರ್ಕಾರದ ಸಂಸ್ಥೆಯೊಂದು ಆ್ಯರೋ ಮತ್ತು ರಾಬರ್ಟ್ ಸೊಲೊ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. 1993ರ ಅದರ ವರದಿ ಕೆಲವು ಕಟ್ಟುನಿಟ್ಟಾದ ನಿಯಮಗಳನ್ನು ಹೇಳಿತು. ಮುಖಾಮುಖಿಯಾಗಿ ಕೇಳಿ. 'ಎಷ್ಟು ಕೊಡುವಿರಿ' ಎನ್ನುವ ಬದಲು 'ಇಷ್ಟು ಕೊಡುವಿರಾ, ಇಲ್ಲವೇ' ಎಂದು ಕೇಳಿ. ಈ ಹಣ ಕೊಟ್ಟರೆ ಬೇರೆ ಖರ್ಚಿಗೆ ಅಷ್ಟು ಕಡಿಮೆಯಾಗುತ್ತದೆ ಎಂಬುದನ್ನು ನೆನಪಿಸಿ. ಇಷ್ಟಾದರೂ ಒಂದು ನೈತಿಕ ಪ್ರಶ್ನೆ ಉಳಿಯುತ್ತದೆ. ಹಣದಲ್ಲಿ ಅಳೆದರೆ ಸಿರಿವಂತನ ಒಲವು ತೂಗುತ್ತದೆ, ಕೂಲಿಯವಳ ಒಲವು ಹಗುರವಾಗುತ್ತದೆ. ಅವಳ ಅಗತ್ಯವೇನೂ ಕಡಿಮೆಯಲ್ಲ, ಅವಳ ಸೆರಗಿನ ಗಂಟು ಸಣ್ಣದು ಅಷ್ಟೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಧಾನವಿದೆ. ಅದನ್ನು ಆಯ್ಕೆ ಪ್ರಯೋಗ ಎನ್ನಬಹುದು. ನಾವು ಕೊಳ್ಳುವುದು ವಸ್ತುವನ್ನಲ್ಲ, ಅದರ ಗುಣಗಳ ಕಟ್ಟನ್ನು ಎಂದು ಕೆಲ್ವಿನ್ ಲ್ಯಾಂಕಾಸ್ಟರ್ 1966ರಲ್ಲಿ ಹೇಳಿದರು. ಜನ ಆಯ್ದುಕೊಂಡದ್ದರಿಂದ ಒಂದೊಂದು ಗುಣದ ತೂಕವನ್ನು ಲೆಕ್ಕ ಹಾಕುವ ಗಣಿತವನ್ನು ಡೇನಿಯಲ್ ಮ್ಯಾಕ್‌ಫ್ಯಾಡೆನ್ ರೂಪಿಸಿದರು, 2000ದಲ್ಲಿ ನೊಬೆಲ್ ಪಡೆದರು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಹೊಸ ರೈಲಿಗೆ ಎಷ್ಟು ಮಂದಿ ಹತ್ತುವರು ಎಂದು ರೈಲು ಓಡುವ ಮೊದಲೇ ಅವರು ಮಾಡಿದ ಅಂದಾಜು ವಾಸ್ತವಕ್ಕೆ ತೀರಾ ಹತ್ತಿರವಾಗಿತ್ತು. ತೊಂಬತ್ತರ ದಶಕದಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನ ಮ್ಯಾಂಡಿ ರಯಾನ್ ಮುಂತಾದವರು ಈ ವಿಧಾನವನ್ನು ಆರೋಗ್ಯ ಕ್ಷೇತ್ರಕ್ಕೆ ತಂದರು.

ವಿಧಾನದ ತಿರುಳು ಸರಳ. ಒಂದು ಆಸ್ಪತ್ರೆಯನ್ನು ಐದು ಗುಣಗಳಾಗಿ ಬಿಡಿಸೋಣ: ದೂರ, ಕಾಯುವ ಹೊತ್ತು, ಪ್ರತಿಬಾರಿ ಅದೇ ವೈದ್ಯರು ಸಿಗುವರೇ, ಔಷಧ ಎಷ್ಟು ದಿನಕ್ಕೆ ಕೊಡುವರು, ಖರ್ಚೆಷ್ಟು. ಒಂದೊಂದು ಗುಣಕ್ಕೂ ಮೂರು ಮಟ್ಟಗಳಿದ್ದರೆ ಒಟ್ಟು 243 ಬಗೆಯ ಆಸ್ಪತ್ರೆಗಳಾಗುತ್ತವೆ. ಅಷ್ಟನ್ನೂ ಯಾರ ಮುಂದೆಯೂ ಇಡಲಾಗದು. ಸಂಖ್ಯಾಶಾಸ್ತ್ರಜ್ಞ ಕೆಲವನ್ನು ಆರಿಸಿ, ಎರಡೆರಡರ ಜೋಡಿ ಮಾಡಿ, ಒಬ್ಬೊಬ್ಬರಿಗೆ ಎಂಟು ಹತ್ತು ಚೀಟಿಗಳನ್ನು ತೋರಿಸುತ್ತಾನೆ. 'ಇದೋ, ಅದೋ, ಎರಡೂ ಬೇಡವೋ' ಎಂಬುದಷ್ಟೇ ಪ್ರಶ್ನೆ. ಯಾವುದು ಒಳ್ಳೆಯದು ಎಂದು ಅಂಕ ಕೊಡುವ ಕಷ್ಟವಿಲ್ಲ, ಯಾರನ್ನೂ ದೂರಬೇಕಾಗಿಲ್ಲ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಲೇಬೇಕು. ಎಷ್ಟು ಕಾಯುವಿಕೆಗೆ ಎಷ್ಟು ರೂಪಾಯಿ ಸಮ, ಎಷ್ಟು ದೂರಕ್ಕೆ ಎಷ್ಟು ದಿನದ ಗುಳಿಗೆ ಸಮ ಎಂಬ ಲೆಕ್ಕ ಈ ಬಿಡುವ ಹಿಡಿಯುವ ಆಟದಿಂದಲೇ ಹೊರಬೀಳುತ್ತದೆ.

ಇದನ್ನು ಓದಿ ಕುಳಿತುಕೊಳ್ಳದೆ ಒಂದು ಭಾನುವಾರ ನಮ್ಮ ಮನೆಯ ಕಟ್ಟೆಯ ಮೇಲೆ ಹತ್ತಾರು ನೆರೆಯವರನ್ನು ಕೂಡಿಸಿ ಒಂದು ಸಣ್ಣ ಪರೀಕ್ಷೆ ಮಾಡಿದೆ. ಇದು ಸಮೀಕ್ಷೆಯಲ್ಲ, ಇದರಿಂದ ಅಂಕಿಸಂಖ್ಯೆ ತೆಗೆಯುವ ಭಂಡತನ ನನಗಿಲ್ಲ. ಓದು ಬಾರದವರಿಗಾಗಿ ಚೀಟಿಗಳ ಮೇಲೆ ಸೂರ್ಯ, ಚಂದ್ರ, ಗುಳಿಗೆ, ರೂಪಾಯಿಯ ಚಿತ್ರ ಬರೆಸಿದ್ದೆ. ಒಂದು ಚೀಟಿಯಲ್ಲಿ ಬೆಳಗಿನ ದವಾಖಾನೆ, ಪೂರ್ತಿ ಉಚಿತ, ಒಂದು ವಾರದ ಗುಳಿಗೆ. ಇನ್ನೊಂದರಲ್ಲಿ ಸಂಜೆಯ ದವಾಖಾನೆ, 20 ರೂಪಾಯಿ, ಒಂದು ತಿಂಗಳ ಗುಳಿಗೆ. ಗಿರಣಿಯ ನಮ್ಮ ನೆರೆಯವರು ಮರುಮಾತಿಲ್ಲದೆ ಸಂಜೆಯದನ್ನು ಎತ್ತಿಕೊಂಡರು. 20ನ್ನು 50 ಮಾಡಿದೆ, ಆಗಲೂ ಬಿಡಲಿಲ್ಲ. 100 ಮಾಡಿದಾಗ ಬೆರಳು ಮಡಿಚಿ ಲೆಕ್ಕ ಹಾಕಿ ಕೆಳಗಿಟ್ಟರು. ಆಟೊ ಓಡಿಸುವ ಒಬ್ಬರು, ಯಂತ್ರಗಳಿರುವ ದೊಡ್ಡ ಆಸ್ಪತ್ರೆಯನ್ನು ಬಿಟ್ಟು, ಪ್ರತಿಬಾರಿ ಅದೇ ಡಾಕ್ಟರು ಸಿಗುವ ಸಣ್ಣದನ್ನು ಆರಿಸಿದರು. ಹೃದಯದ ಶಸ್ತ್ರಚಿಕಿತ್ಸೆಯಾದ ನಿವೃತ್ತ ಶಿಕ್ಷಕರು ಅದಕ್ಕೆ ಸರಿಯಾಗಿ ವಿರುದ್ಧ. ಒಬ್ಬ ಹಿರಿಯರು ಎರಡೂ ಚೀಟಿಗಳನ್ನು ಸರಿಸಿ, 'ಎರಡೂ ಬ್ಯಾಡ್ರಿ, ಇವೆರಡರಾಗೂ ನಮ್ಮ ಮಾತು ಕೇಳೋರು ಯಾರೂ ಇಲ್ಲ' ಎಂದರು. ವೈದ್ಯರು ರೋಗಿಯ ಮಾತು ಕೇಳಿಸಿಕೊಳ್ಳುವರೇ ಎಂಬ ಗುಣವನ್ನು ನನ್ನ ಚೀಟಿಗಳಲ್ಲಿ ಸೇರಿಸಲು ನಾನೇ ಮರೆತಿದ್ದೆ. ಪ್ರಶ್ನಾವಳಿ ಬರೆಯುವವನು ಮೊದಲು ಕಟ್ಟೆಯ ಮೇಲೆ ಕೂತು ಕೇಳಿಸಿಕೊಳ್ಳಬೇಕು ಎಂಬ ಪಾಠ ಅಂದು ನನಗೆ ಸಿಕ್ಕಿತು.

ಬಡವರು, ಅನಕ್ಷರಸ್ಥರು ಇಂಥ ಲೆಕ್ಕಾಚಾರವನ್ನು ಸರಿಯಾಗಿ ಮಾಡಬಲ್ಲರೇ ಎಂಬ ಸಂಶಯ ಓದಿದವರಲ್ಲಿ ಸಹಜ. ಇದಕ್ಕೆ ನಮ್ಮ ನಾಡಿನಲ್ಲೇ ಉತ್ತರ ದೊರೆತಿದೆ. ಅಮೆರಿಕದ ಮೇರಿಯನ್ ಡ್ಯಾನಿಸ್ ಮತ್ತು ಸೂಸನ್ ಗೂಲ್ಡ್ ರೂಪಿಸಿದ 'ಚಾಟ್' ಎಂಬ ಹಲಗೆಯಾಟವೊಂದಿದೆ. ವಿಮೆಯಲ್ಲಿ ಏನೇನು ಸೇರಬೇಕೆಂದು ಜನ ಒಟ್ಟಿಗೆ ಕೂತು ತೀರ್ಮಾನಿಸುವ ಆಟ ಅದು. ಕೈಯಲ್ಲಿರುವ ಬಿಲ್ಲೆಗಳು ಸೀಮಿತ, ಹಲಗೆಯ ಮೇಲಿನ ಸೌಲಭ್ಯಗಳು ಹಲವು. ಮೊದಲು ಒಬ್ಬೊಬ್ಬರೇ ಆರಿಸುತ್ತಾರೆ, ಬಳಿಕ ಗುಂಪಿನಲ್ಲಿ ಚರ್ಚಿಸುತ್ತಾರೆ, ಕಾಯಿಲೆಯ ಚೀಟಿ ಎತ್ತಿ ತಮ್ಮ ಆಯ್ಕೆ ಆ ಕಷ್ಟಕ್ಕೆ ಒದಗಿತೇ ಎಂದು ನೋಡುತ್ತಾರೆ. ಕಿರುವಿಮೆಯ ತಜ್ಞ ಡೇವಿಡ್ ಡ್ರೋರ್ ಮತ್ತು ಸಂಗಡಿಗರು 2005ರ ಕೊನೆಯಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರದ ಹಳ್ಳಿಗಳಲ್ಲೂ ಪಟ್ಟಣಗಳ ಬಡಾವಣೆಗಳಲ್ಲೂ 24 ಗುಂಪುಗಳ 302 ಮಂದಿಗೆ ಈ ಆಟ ಆಡಿಸಿದರು. ತಲಾ ವರ್ಷಕ್ಕೆ ಸುಮಾರು 11 ಡಾಲರ್, ಅಂದಿನ ಲೆಕ್ಕದಲ್ಲಿ 500 ರೂಪಾಯಿಯ ಆಸುಪಾಸು, ಅವರ ಮುಂದಿದ್ದ ಮಿತಿ. ಹಲವರಿಗೆ ಓದು ಬರಹ ಬರುತ್ತಿರಲಿಲ್ಲ, ವಿಮೆಯ ಅನುಭವವೂ ಇರಲಿಲ್ಲ.

ಅವರ ಆಯ್ಕೆಗಳನ್ನು ಅಂಥದೇ ಕುಟುಂಬಗಳ 2,049 ಕಾಯಿಲೆ ಪ್ರಸಂಗಗಳ ನಿಜವಾದ ಖರ್ಚಿನೊಡನೆ ತಾಳೆ ನೋಡಿದಾಗ, ಹೆಚ್ಚು ಮಂದಿ ಆರಿಸಿದ ಕಟ್ಟುಗಳೇ ಹೆಚ್ಚು ಪ್ರಯೋಜನಕಾರಿಯಾಗಿದ್ದವು. ಅಂದರೆ ಜನ ವಿವೇಕದಿಂದ ಆರಿಸಿದ್ದರು. ಏನನ್ನು ಆರಿಸಿದರು? ಹೊರರೋಗಿ ಚಿಕಿತ್ಸೆ, ಒಳರೋಗಿ ಚಿಕಿತ್ಸೆ, ಔಷಧ, ಪರೀಕ್ಷೆಗಳು ಎಂಬ ನಾಲ್ಕರಲ್ಲಿ ಕನಿಷ್ಠ ಮೂರನ್ನು ಶೇ 88.4ರಷ್ಟು ಮಂದಿ ಆರಿಸಿದ್ದರು. ಆಸ್ಪತ್ರೆಯಲ್ಲಿ ಮಲಗುವ ದೊಡ್ಡ ಕಾಯಿಲೆಯನ್ನು ಅವರು ಮರೆಯಲಿಲ್ಲ. ಆದರೆ ಅದೊಂದೇ ಸಾಕು ಎನ್ನಲೂ ಇಲ್ಲ. ತಿಂಗಳು ತಿಂಗಳು ಜೇಬು ಕೊರೆಯುವ ಗುಳಿಗೆ, ರಕ್ತಪರೀಕ್ಷೆ, ವೈದ್ಯರ ಭೇಟಿ ಅವರ ಲೆಕ್ಕದಲ್ಲಿದ್ದವು.

ಇದಕ್ಕೆ ಎದುರಾಗಿ ನಮ್ಮ ಯೋಜನೆಗಳನ್ನು ಇಟ್ಟು ನೋಡೋಣ. ಯಶಸ್ವಿನಿ ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ. ಕೇಂದ್ರ ಸರ್ಕಾರ 2008ರಲ್ಲಿ ತಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿಯವರೆಗೆ, ಒಳರೋಗಿಗಳಿಗೆ. 2010ರಲ್ಲಿ ನಮ್ಮ ಗುಲ್ಬರ್ಗಾ ವಿಭಾಗದಿಂದಲೇ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಹೃದ್ರೋಗ, ಕ್ಯಾನ್ಸರ್‌ನಂಥ ದುಬಾರಿ ಚಿಕಿತ್ಸೆಗೆ. 2018ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ, ಅದೂ ಬಹುತೇಕ ಆಸ್ಪತ್ರೆ ಸೇರಿದಾಗಿನ ಚಿಕಿತ್ಸೆಗೆ. ಈ ಯೋಜನೆಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ವಾಜಪೇಯಿ ಆರೋಗ್ಯಶ್ರೀ ಇದ್ದ ಹಳ್ಳಿಗಳನ್ನೂ ಗಡಿಯಾಚೆಯ, ಯೋಜನೆ ಇನ್ನೂ ತಲುಪದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದಾದ ಸಾವಿನ ಪ್ರಮಾಣ ಬಡ ಕುಟುಂಬಗಳಲ್ಲಿ ಯೋಜನೆಯಿದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90 ಇತ್ತು. ಇದು ಉಳಿದ ಜೀವಗಳ ಲೆಕ್ಕ, ಸಣ್ಣ ಮಾತಲ್ಲ.

ಆದರೆ ಪ್ರಶ್ನೆ ಬೇರೆ. ಸಕ್ಕರೆ ಕಾಯಿಲೆಯ ಗುಳಿಗೆ ಹತ್ತು ವರ್ಷ ತಪ್ಪದೆ ಸಿಕ್ಕರೆ ಮೂತ್ರಪಿಂಡ ಉಳಿಯಬಹುದು. ಸಿಗದಿದ್ದರೆ ಡಯಾಲಿಸಿಸ್‌ಗೆ ಸರ್ಕಾರ ಧಾರಾಳವಾಗಿ ಕೊಡುತ್ತದೆ. ಜನರು ತಮ್ಮ ಆಟದಲ್ಲಿ ಮೊದಲನೆಯದನ್ನೂ ಸೇರಿಸಿದ್ದರು, ನಮ್ಮ ವಿಮೆಗಳು ಎರಡನೆಯದಕ್ಕೇ ನಿಂತವು. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ ಎಂಬುದು ನಿಜ. ಆರೋಗ್ಯ ಉಪಕೇಂದ್ರಗಳನ್ನು ಬಲಪಡಿಸುವ ಕೆಲಸ 2018ರಿಂದ ನಡೆದಿದೆ, 2022ರಿಂದ ನಗರಗಳಲ್ಲಿ ನಮ್ಮ ಕ್ಲಿನಿಕ್‌ಗಳು ಬಂದಿವೆ. ಇವು ಸರಿಯಾದ ದಿಕ್ಕಿನ ಹೆಜ್ಜೆಗಳು. ಇವುಗಳ ಹೊತ್ತು ಯಾವುದಿರಬೇಕು, ಗುಳಿಗೆ ಎಷ್ಟು ದಿನಕ್ಕೆ ಕೊಡಬೇಕು, ಯಾವ ಪರೀಕ್ಷೆ ಅಲ್ಲೇ ಆಗಬೇಕು ಎಂಬುದನ್ನು ಬಳಸುವವರನ್ನು ಕೇಳಿ ನಿರ್ಧರಿಸಿದರೆ ಹೆಜ್ಜೆ ಇನ್ನಷ್ಟು ಗಟ್ಟಿಯಾದೀತು.

ಸಮೀಕ್ಷೆಯೇ ಸರ್ವಸ್ವ ಎಂದೂ ನಾನು ಹೇಳುವುದಿಲ್ಲ. ಅಮೆರಿಕದ ಒರೆಗಾನ್ ರಾಜ್ಯ ಬಡವರ ವಿಮೆಯಲ್ಲಿ ಯಾವ ಚಿಕಿತ್ಸೆಗೆ ಆದ್ಯತೆ ಎಂದು ತೀರ್ಮಾನಿಸಲು ದೂರವಾಣಿಯಲ್ಲಿ ಜನರಿಂದ ಆರೋಗ್ಯ ಸ್ಥಿತಿಗಳಿಗೆ ಅಂಕ ಕೊಡಿಸಿ, ವೆಚ್ಚದೊಡನೆ ಬೆರೆಸಿ, 1990ರಲ್ಲಿ ಒಂದು ಪಟ್ಟಿ ಮಾಡಿತು. ಅದರಲ್ಲಿ ಹಲ್ಲಿಗೆ ಕವಚ ಹಾಕುವುದು ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಗಿಂತ ಮೇಲಿನ ಸ್ಥಾನ ಪಡೆಯಿತು! ನಗೆಪಾಟಲಾಗಿ ಪಟ್ಟಿಯನ್ನು ಕೈಬಿಟ್ಟು ಬೇರೆ ರೀತಿಯಲ್ಲಿ ತಯಾರಿಸಬೇಕಾಯಿತು. ಯಾವ ಔಷಧ ಪರಿಣಾಮಕಾರಿ, ಯಾರಿಗೆ ಶಸ್ತ್ರಚಿಕಿತ್ಸೆ ತುರ್ತು ಎಂಬುದು ವೈದ್ಯಶಾಸ್ತ್ರದ ವಿಷಯ, ಬಹುಮತದ್ದಲ್ಲ. ಸರಾಸರಿಯಲ್ಲಿ ಅಲ್ಪಸಂಖ್ಯೆಯ ರೋಗಿಗಳ ದನಿ ಅಡಗುವ ಅಪಾಯವೂ ಇದೆ. ನಮ್ಮ ಕಟ್ಟೆಯ ಮೇಲೆ ಆ ಶಿಕ್ಷಕರು ಒಬ್ಬರೇ ಇದ್ದರು, ಹಾಗೆಂದು ಅವರ ಹೃದಯವನ್ನು ಬಿಡಲಾಗುವುದಿಲ್ಲ. ರೋಗಿಯ ಒಲವನ್ನು ಕೇಳಬೇಕಾದುದು ಎಲ್ಲಿ, ಯಾವಾಗ, ಯಾರಿಂದ, ಯಾವ ಬೆಲೆಗೆ ಎಂಬ ಪ್ರಶ್ನೆಗಳಲ್ಲಿ. ಅಲ್ಲಿ ಅವನಿಗಿಂತ ದೊಡ್ಡ ತಜ್ಞನಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದನ್ನು ಮಾಡುವುದು ಕಷ್ಟವೇನಲ್ಲ. 2007ರಲ್ಲಿ ಸ್ಥಾಪನೆಯಾದ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇಲ್ಲಿದೆ, ಅದರಲ್ಲಿ ಸಮುದಾಯ ವೈದ್ಯಶಾಸ್ತ್ರ ಕಲಿಯುವ ವಿದ್ಯಾರ್ಥಿಗಳಿದ್ದಾರೆ. ಕಾಲೇಜುಗಳಲ್ಲಿ ಅರ್ಥಶಾಸ್ತ್ರ, ಸಮಾಜಕಾರ್ಯ ಓದುವ ಮಕ್ಕಳಿದ್ದಾರೆ. ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಿದೆ. ಹೊಸ ಕಟ್ಟಡಕ್ಕೆ ಅಂದಾಜು ಪಟ್ಟಿ ತಯಾರಿಸುವಾಗ ಅದರ ಒಂದು ಸಣ್ಣ ಪಾಲನ್ನು ಕೇಳುವುದಕ್ಕೆ ತೆಗೆದಿಡಬಹುದು. ಕೇಳುವಾಗ ಕೆಲವು ನಿಯಮಗಳಿರಲಿ. ಆಸ್ಪತ್ರೆಯ ಸಿಬ್ಬಂದಿ ಕೇಳಬಾರದು, ಆಸ್ಪತ್ರೆಯ ಆವರಣದಲ್ಲಿ ಕೇಳಬಾರದು, ಮನೆಯ ಕಟ್ಟೆಯ ಮೇಲೆ ಕೇಳಬೇಕು. ಕನ್ನಡ, ಉರ್ದು, ಮರಾಠಿ, ಲಂಬಾಣಿ ಎಲ್ಲದರಲ್ಲೂ, ಚಿತ್ರದ ಚೀಟಿಗಳೊಡನೆ ಕೇಳಬೇಕು. ಬಂದವರಷ್ಟೇ ಅಲ್ಲ, ಬಾರದವರನ್ನೂ, ಬಸ್ಸು ಹತ್ತಿದವರನ್ನೂ ಹುಡುಕಿ ಕೇಳಬೇಕು. ಮತ್ತು ಸಿಕ್ಕ ಉತ್ತರವನ್ನೂ ಅದರ ಮೇಲೆ ಕೈಗೊಂಡ ಕ್ರಮವನ್ನೂ ಅದೇ ಆಸ್ಪತ್ರೆಯ ಗೋಡೆಗೆ ಅಂಟಿಸಬೇಕು. ಕೇಳಿ ಸುಮ್ಮನಾಗುವ ಸಮೀಕ್ಷೆ ಕೇಳದಿರುವುದಕ್ಕಿಂತ ಕೆಟ್ಟದ್ದು. ಅದು ಮುಂದಿನ ಸಾರಿ 'ಎಲ್ಲಾ ಛಲೋ ಅದರಿ' ಎನ್ನುವುದನ್ನು ಜನರಿಗೆ ಕಲಿಸುತ್ತದೆ.

ಸೇವೆಯಲ್ಲಿದ್ದಾಗ ನಾನು ಮುಕ್ತಾಯಗೊಳಿಸಿದ ಆ ಕಡತವನ್ನು ಮತ್ತೆ ತೆರೆಯುವ ಅಧಿಕಾರ ನನಗೀಗ ಇಲ್ಲ. ಅಂಥದೇ ಕಡತಗಳು ಇಂದು ಯಾರ ಯಾರದೋ ಮೇಜಿನ ಮೇಲಿರಬಹುದು. ಅವುಗಳ ಮೇಲೆ ಷರಾ ಬರೆಯುವ ಮೊದಲು, ಜನ ತೃಪ್ತರಾಗಿದ್ದಾರೆಯೇ ಎಂದು ನೋಡುವುದನ್ನು ಬಿಟ್ಟು, ಅವರಿಗೆ ಎರಡು ಚೀಟಿಗಳನ್ನು ಕೊಟ್ಟು ನೋಡಿರೆಂದಷ್ಟೇ ನನ್ನ ವಿನಂತಿ. ನಮ್ಮ ಪಕ್ಕದ ಮನೆಯವರು ಈಗಲೂ ಬೆಳಿಗ್ಗೆ ಗಿರಣಿಗೆ ಹೋಗುತ್ತಾರೆ, ಸಂಜೆ ಖಾಸಗಿ ಡಾಕ್ಟರಿಗೆ ಹಣ ಕೊಡುತ್ತಾರೆ, ಹಣವಿಲ್ಲದ ತಿಂಗಳು ಗುಳಿಗೆ ಬಿಡುತ್ತಾರೆ. ನಮ್ಮ ಓಣಿಗೆ ಬಂದ ಸಮೀಕ್ಷೆಯ ಲೆಕ್ಕದಲ್ಲಿ ಮಾತ್ರ ಅವರು ಪೂರ್ಣ ತೃಪ್ತರು.